ಉಪ್ಪುನೀರಿನ ಬಾಟಲಿಯಲ್ಲಿ ಮೀನುಮರಿಗಳ ಅನ್ನ

ಗಪ್ಪಿ ಮರಿ ಹಾಕಿದ ದಿನ ಮನೆಯಲ್ಲಿ ಮಕ್ಕಳಿಗೆ ಹಬ್ಬ. ಮದ್ರಸದಿಂದ ಬಂದವರು ಕಿತಾಬಿನ ಚೀಲ ಅಲ್ಲೇ ಬಿಸಾಡಿ ಗಾಜಿಗೆ ಮೂಗು ಒತ್ತಿ ಎಣಿಸಲು ಶುರು ಮಾಡುತ್ತಾರೆ. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಒಂದು ವಾರ ಕಳೆದು ಮತ್ತೆ ಎಣಿಸಿದರೆ ಐದೋ ಆರೋ ಉಳಿದಿರುತ್ತವೆ. "ಉಮ್ಮಾ, ಮರಿ ಎಲ್ಲಿ ಹೋಯ್ತು?" ಅಂತ ಕೇಳಿದರೆ ಉಮ್ಮನ ಹತ್ತಿರ ಉತ್ತರ ಇಲ್ಲ. ಸ್ವಲ್ಪವನ್ನು ದೊಡ್ಡ ಮೀನುಗಳೇ ತಿಂದಿರುತ್ತವೆ. ಉಳಿದವು ಹಸಿವಿನಿಂದಲೋ ಕೆಟ್ಟ ನೀರಿನಿಂದಲೋ ಸತ್ತಿರುತ್ತವೆ.

ಈ ಎರಡೂ ಕಾರಣಗಳಿಗೆ ಸಂಬಂಧ ಉಂಟು. ಮರಿಯ ಬಾಯಿ ತೀರಾ ಚಿಕ್ಕದು. ಅಂಗಡಿಯಿಂದ ತಂದ ಕಾಳಿನಂಥ ಆಹಾರ ಅದರ ಬಾಯಿಗೆ ಹಿಡಿಸುವುದಿಲ್ಲ. ಪುಡಿ ಮಾಡಿ ಹಾಕಿದರೂ ಅದು ಅಲುಗಾಡುವುದಿಲ್ಲ. ಅಲುಗಾಡುವುದನ್ನು ಅಟ್ಟಿಸಿಕೊಂಡು ಹೋಗಿ ತಿನ್ನುವುದು ಮರಿಗಳ ಸ್ವಭಾವ, ಹಾಗಾಗಿ ಎಷ್ಟೋ ಮರಿಗಳು ಆ ಪುಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ತಿನ್ನದೆ ಬಿಟ್ಟ ಪುಡಿ ತಳಕ್ಕೆ ಕೂತು ಕೊಳೆಯುತ್ತದೆ, ನೀರು ಹಾಳಾಗುತ್ತದೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಕೊಡುವ ಹಳೆಯ ಕ್ರಮವೂ ಇದೆ. ಅದು ನೀರನ್ನು ಇನ್ನೂ ಬೇಗ ಕೆಡಿಸುತ್ತದೆ.

ಪ್ರಪಂಚದಲ್ಲಿ ಮೀನು ಸಾಕುವವರು ಇದಕ್ಕೆ ಕಂಡುಕೊಂಡ ಪರಿಹಾರ ಒಂದು ಸಣ್ಣ ಜೀವಿ. ಇಂಗ್ಲಿಷ್‌ನಲ್ಲಿ ಬ್ರೈನ್ ಶ್ರಿಂಪ್, ವಿಜ್ಞಾನದ ಹೆಸರು ಆರ್ಟೀಮಿಯ. ಕನ್ನಡದಲ್ಲಿ ಉಪ್ಪುನೀರಿನ ಸಿಗಡಿ ಎನ್ನಬಹುದು. ನಮ್ಮ ಧಕ್ಕೆಯಲ್ಲಿ ಎಟ್ಟಿ ಅಂತ ಮಾರುವ ಸಿಗಡಿಗೆ ಇದು ದೂರದ ಸಂಬಂಧಿ, ಅಷ್ಟೇ. ಬೆಳೆದು ನಿಂತರೂ ಒಂದು ಸೆಂಟಿಮೀಟರ್ ಆಸುಪಾಸು. ನಮಗೆ ಬೇಕಾದುದು ಬೆಳೆದದ್ದಲ್ಲ, ಆಗ ತಾನೇ ಮೊಟ್ಟೆಯಿಂದ ಹೊರಬಂದ ಮರಿ. ಅದರ ಉದ್ದ ಅರ್ಧ ಮಿಲಿಮೀಟರ್‌ಗಿಂತಲೂ ಕಡಿಮೆ. ಕಿತ್ತಳೆ ಬಣ್ಣ, ನೀರಲ್ಲಿ ಪಟಪಟ ಓಡಾಡುತ್ತದೆ. ಮೀನುಮರಿಗೆ ಅದನ್ನು ಕಂಡರೆ ತಡೆದುಕೊಳ್ಳಲು ಆಗುವುದಿಲ್ಲ.

ನಿದ್ದೆ ಹೋಗುವ ಮೊಟ್ಟೆ

ಆರ್ಟೀಮಿಯ ಸಮುದ್ರದಲ್ಲಿ ಬದುಕುವುದಿಲ್ಲ. ಅಲ್ಲಿ ಅದನ್ನು ತಿನ್ನುವ ಮೀನುಗಳು ಬೇಕಾದಷ್ಟಿವೆ. ಮೀನು ಬದುಕಲಾರದಷ್ಟು ಉಪ್ಪಿರುವ ಕೆರೆ, ಉಪ್ಪಿನ ಗದ್ದೆಗಳೇ ಅದರ ಮನೆ. ಅಂಥ ಜಾಗ ಬೇಸಗೆಯಲ್ಲಿ ಒಣಗುತ್ತದೆ, ಉಪ್ಪಿನ ಅಂಶ ಏರುತ್ತದೆ. ಆಗ ಹೆಣ್ಣು ಸಿಗಡಿ ಗಟ್ಟಿ ಸಿಪ್ಪೆಯ ಮೊಟ್ಟೆ ಇಡುತ್ತದೆ. ಕಾಲು ಮಿಲಿಮೀಟರ್‌ನಷ್ಟು ದಪ್ಪದ, ಕಂದು ಬಣ್ಣದ ಈ ಕಾಳಿನೊಳಗೆ ಭ್ರೂಣ ಬೆಳವಣಿಗೆ ನಿಲ್ಲಿಸಿ ನಿದ್ದೆಗೆ ಜಾರಿರುತ್ತದೆ. ಒಣಗಿಸಿ ಡಬ್ಬದಲ್ಲಿಟ್ಟರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಹದವಾದ ಉಪ್ಪುನೀರು, ಗಾಳಿ, ಬೆಳಕು, ಬಿಸಿ ಸಿಕ್ಕಿದರೆ ಒಂದೇ ದಿನದಲ್ಲಿ ಎಚ್ಚರವಾಗಿ ಹೊರಗೆ ಬರುತ್ತದೆ. 1972ರಲ್ಲಿ ಅಪೊಲೊ 16 ಚಂದ್ರನ ಕಡೆ ಹೋದಾಗ ಬಾಹ್ಯಾಕಾಶದ ವಿಕಿರಣ ಜೀವಿಗಳಿಗೆ ಏನು ಮಾಡುತ್ತದೆ ಎಂದು ನೋಡಲು ಕೊಂಡುಹೋದ ವಸ್ತುಗಳಲ್ಲಿ ಈ ಮೊಟ್ಟೆಗಳೂ ಇದ್ದವು.

ಮೀನುಮರಿಗೆ ಇದು ಒಳ್ಳೆಯ ಆಹಾರ ಎಂಬುದು ಬೆಳಕಿಗೆ ಬಂದದ್ದು 1930ರ ದಶಕದಲ್ಲಿ. 1933ರಲ್ಲಿ ಅಮೆರಿಕದ ಆಲ್ವಿನ್ ಸೀಲ್, 1939ರಲ್ಲಿ ನಾರ್ವೆಯ ಗುನ್ನಾರ್ ರೋಲೆಫ್ಸೆನ್ ಇದನ್ನು ಬರೆದು ತಿಳಿಸಿದರು. ಇವತ್ತು ಅಂಗಡಿಗಳಲ್ಲಿ ಸಿಗುವ ಮೊಟ್ಟೆಯ ದೊಡ್ಡ ಪಾಲು ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪಿನ ಕೆರೆಯಿಂದಲೂ, ರಷ್ಯಾ, ಚೀನಾ, ಕಝಕಸ್ತಾನದ ಉಪ್ಪುನೀರಿನ ಕೆರೆಗಳಿಂದಲೂ ಬರುವಂಥದ್ದು. ನಮ್ಮ ದೇಶದಲ್ಲಿ ತಮಿಳುನಾಡಿನ ತೂತುಕುಡಿಯ ಉಪ್ಪಿನ ಗದ್ದೆಗಳಲ್ಲೂ ಆರ್ಟೀಮಿಯ ಇದೆ. ಆಂಧ್ರ, ತಮಿಳುನಾಡು ಕರಾವಳಿಯ ಸಿಗಡಿ ಮರಿ ಉತ್ಪಾದನಾ ಕೇಂದ್ರಗಳು ಇದನ್ನು ನಂಬಿಕೊಂಡೇ ನಡೆಯುತ್ತವೆ. ಅಂದರೆ ಹೊಟೇಲಿನಲ್ಲಿ ನೀವು ತಿನ್ನುವ ಸಾಕಿದ ಸಿಗಡಿಯೂ ಚಿಕ್ಕಂದಿನಲ್ಲಿ ಇದನ್ನೇ ತಿಂದು ಬೆಳೆದಿರುವ ಸಾಧ್ಯತೆ ಹೆಚ್ಚು.

ಗಲ್ಫ್‌ನಲ್ಲಿ ಇದ್ದವರಿಗೆ ಇದರ ಪರಿಚಯ ಗೊತ್ತಿಲ್ಲದೆಯೇ ಆಗಿರಬಹುದು. ಅಬುಧಾಬಿ ಹೊರವಲಯದ ಅಲ್ ವತ್ಬ ಜೌಗು ಪ್ರದೇಶದಲ್ಲಿ ಫ್ಲೆಮಿಂಗೊ ಹಕ್ಕಿಗಳು ಸಾಲಾಗಿ ತಲೆ ಬಗ್ಗಿಸಿ ನಿಂತಿರುವುದನ್ನು ಕೆಲವರು ರಜೆಯ ದಿನ ಹೋಗಿ ನೋಡಿದ್ದೀರಿ. ಅಲ್ಲಿ ಅವು ಹೆಕ್ಕುವುದು ಆರ್ಟೀಮಿಯವನ್ನು. ಆ ಹಕ್ಕಿಗಳ ಗುಲಾಬಿ ಬಣ್ಣಕ್ಕೂ ಇಂಥ ಆಹಾರವೇ ಮೂಲ. 1998ರಲ್ಲಿ ಅಲ್ಲಿ ಫ್ಲೆಮಿಂಗೊಗಳು ಮರಿ ಮಾಡಿದ ಮೇಲೆ ಶೇಖ್ ಝಾಯಿದ್ ಅದನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಲಿಬಿಯದ ಫೆಝ್ಝಾನ್ ಮರುಭೂಮಿಯ ಉಪ್ಪು ಕೆರೆಗಳ ದಡದಲ್ಲಿ ದವಾದ ಎಂಬ ಜನ ಇದ್ದರು. ಅರಬಿಯಲ್ಲಿ ದೂದ್ ಅಂದರೆ ಹುಳು. ಕೆರೆಯ ಈ ಸಿಗಡಿಯನ್ನು ಬಲೆಯಲ್ಲಿ ಹಿಡಿದು ಒಣಗಿಸಿ ತಿನ್ನುತ್ತಿದ್ದುದರಿಂದ ಅವರಿಗೆ ಆ ಹೆಸರು ಬಿತ್ತು.

ಏನೆಲ್ಲ ಬೇಕು?

ದೊಡ್ಡ ಖರ್ಚಿನ ಕೆಲಸ ಅಲ್ಲ. ಹೆಚ್ಚಿನ ಸಾಮಾನು ಅಡುಗೆಕೋಣೆಯಲ್ಲೇ ಸಿಗುತ್ತದೆ.

ತಂಪುಪಾನೀಯದ ಒಂದೋ ಎರಡೋ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ. ಅಕ್ವೇರಿಯಂ ಅಂಗಡಿಯ ಸಣ್ಣ ಏರ್ ಪಂಪ್ ಮತ್ತು ಪ್ಲಾಸ್ಟಿಕ್ ಟ್ಯೂಬ್. ಕಲ್ಲುಪ್ಪು. ಚಿಟಿಕೆ ಅಡುಗೆ ಸೋಡಾ. ಒಂದು ಟೇಬಲ್ ಲ್ಯಾಂಪ್ ಅಥವಾ ಟಾರ್ಚ್. ದಟ್ಟ ನೇಯ್ಗೆಯ ಹಳೆಯ ಕರ್ಚೀಫು. ಆಮೇಲೆ ಆರ್ಟೀಮಿಯ ಮೊಟ್ಟೆ. ಇದಿಷ್ಟರಲ್ಲಿ ನಿಜವಾಗಿ ದುಡ್ಡು ಕೊಡಬೇಕಾದದ್ದು ಮೊಟ್ಟೆಗೆ.

ಮೊಟ್ಟೆ ಕೊಳ್ಳುವಾಗ ಡಬ್ಬದ ಮೇಲೆ ಶೇಕಡಾ ಎಷ್ಟು ಮರಿಯಾಗುತ್ತದೆ ಎಂದು ಬರೆದಿದೆಯಾ, ತಯಾರಾದ ದಿನ ಯಾವುದು ಎಂದು ನೋಡಿ. ಬಿಡಿಯಾಗಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಕಟ್ಟಿ ಕೊಡುವುದು ಅಗ್ಗ, ಆದರೆ ಗಾಳಿಯ ತೇವ ಕುಡಿದು ಅರ್ಧಕ್ಕರ್ಧ ಸತ್ತಿರಬಹುದು. ಸಿಪ್ಪೆ ತೆಗೆದ ಮೊಟ್ಟೆ ಅಂತ ಒಣಗಿಸಿ ಮಾರುವ ಇನ್ನೊಂದು ನಮೂನೆ ಇದೆ. ಅದು ಸಾಮಾನ್ಯವಾಗಿ ಮರಿಯಾಗುವುದಿಲ್ಲ, ನೇರವಾಗಿ ಮೀನಿಗೆ ಹಾಕಲು ಇರುವಂಥದ್ದು. ಎರಡನ್ನು ಅದಲುಬದಲು ಮಾಡಿಕೊಂಡು "ಎರಡು ದಿನ ಆದರೂ ಏನೂ ಆಗಲಿಲ್ಲ" ಎಂದು ಬೈಯುವವರಿದ್ದಾರೆ.

ಒಂದು ಗ್ರಾಂನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇರುತ್ತದೆ. ಹಾಗಾಗಿ ಒಂದು ಸಂಸಾರದ ಗಪ್ಪಿಗೆ ದಿನಕ್ಕೆ ಕಾಲು ಟೀ ಚಮಚವೂ ಜಾಸ್ತಿ. ಸಣ್ಣ ಡಬ್ಬ ತಂದರೆ ತಿಂಗಳುಗಟ್ಟಲೆ ಬರುತ್ತದೆ.

ನೀರಿನ ಹದ

ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು. ತಕ್ಕಡಿ ಇಲ್ಲದಿದ್ದರೆ ಪುಡಿ ಉಪ್ಪನ್ನು ಟೀ ಚಮಚದಲ್ಲಿ ಮಟ್ಟಸವಾಗಿ ಐದು ಸಲ ಹಾಕಿದರೆ ಹತ್ತಿರಹತ್ತಿರ ಬರುತ್ತದೆ. ಅಯೋಡಿನ್ ಇರುವ ಉಪ್ಪಿನಲ್ಲೂ ಮರಿಯಾಗುತ್ತದೆ, ಹೆದರಬೇಡಿ. ಆದರೆ ಉಪ್ಪು ಗಂಟು ಕಟ್ಟದಿರಲು ಸೇರಿಸುವ ಪುಡಿ ಇಲ್ಲದ ಕಲ್ಲುಪ್ಪು ಇನ್ನೂ ಒಳ್ಳೆಯದು. ಉಪ್ಪಿನಕಾಯಿಗೆ ಮಾಡುವ ಹಾಗೆ ಮೊಟ್ಟೆ ತೇಲುವಷ್ಟು ಉಪ್ಪು ಕದಡಬೇಡಿ. ದೊಡ್ಡ ಆರ್ಟೀಮಿಯ ಅಂಥ ನೀರಲ್ಲಿ ಬದುಕಬಹುದು, ಮೊಟ್ಟೆ ಮಾತ್ರ ಅದರಲ್ಲಿ ಸರಿಯಾಗಿ ಒಡೆಯುವುದಿಲ್ಲ.

ಉಳ್ಳಾಲ, ಸೋಮೇಶ್ವರ, ಪಣಂಬೂರು, ಸುರತ್ಕಲ್ ಕಡೆಯವರಿಗೆ ಸಮುದ್ರವೇ ಬಾಗಿಲಲ್ಲಿದೆ. ಬೇಸಗೆಯಲ್ಲಿ ಅಳಿವೆಯಿಂದ ದೂರ ತೆಗೆದ ತಿಳಿ ಸಮುದ್ರ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಗೇ ಬಳಸಬಹುದು, ಅದರಲ್ಲಿ ಲೀಟರಿಗೆ 35 ಗ್ರಾಂ ಹತ್ತಿರ ಉಪ್ಪಿರುತ್ತದೆ. ಮಳೆಗಾಲದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಸೇರಿ ದಡದ ನೀರು ಚಪ್ಪೆಯಾಗುತ್ತದೆ. ಆ ತಿಂಗಳುಗಳಲ್ಲಿ ಕಡಲಿಗೆ ಇಳಿಯುವುದೂ ಬೇಡ, ಆ ನೀರೂ ಬೇಡ.

ಇನ್ನೊಂದು ಮಾತು ನಮ್ಮ ಊರಿಗೆ ಮುಖ್ಯ. ಆರ್ಟೀಮಿಯ ಮೊಟ್ಟೆಗೆ ನೀರು ಸ್ವಲ್ಪ ಕ್ಷಾರವಾಗಿರಬೇಕು, ಪಿಎಚ್ 8ರ ಮೇಲೆ ಇದ್ದರೆ ಒಳ್ಳೆಯದು. ಕೆಂಪುಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಹೆಚ್ಚಾಗಿ ಹುಳಿಯ ಕಡೆ ಇರುತ್ತದೆ. ಪುಸ್ತಕದಲ್ಲಿ ಬರೆದ ಹಾಗೆ ಎಲ್ಲ ಮಾಡಿದರೂ ಮರಿ ಕಡಿಮೆಯಾಗಲು ಇದೇ ಕಾರಣ ಇರಬಹುದು. ಲೀಟರಿಗೆ ಒಂದು ದೊಡ್ಡ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸರಿಯಾಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ.

ಮಗ್ರಿಬ್‌ನಿಂದ ಮಗ್ರಿಬ್‌ವರೆಗೆ

ಬಾಟಲಿಯ ತಳವನ್ನು ಕತ್ತರಿಸಿ, ಮುಚ್ಚಳ ಬಿಗಿ ಮಾಡಿ, ತಲೆಕೆಳಗಾಗಿ ಒಂದು ಗಾಜಿನ ಜಾಡಿಯ ಬಾಯಲ್ಲಿ ಅಲುಗದಂತೆ ನಿಲ್ಲಿಸಿ. ಈಗ ಅದು ಆಲಿಕೆಯ ಹಾಗೆ ಕಾಣುತ್ತದೆ. ಈ ಆಕಾರವೇ ಮುಖ್ಯ. ಮೂಲೆ ಇರುವ ಪಾತ್ರೆಯಾದರೆ ಮೊಟ್ಟೆಗಳು ಮೂಲೆಗೆ ಕೂತು ಉಸಿರಿಲ್ಲದೆ ಸಾಯುತ್ತವೆ.

ಉಪ್ಪುನೀರು ತುಂಬಿ. ಮೇಲೆ ನಾಲ್ಕು ಬೆರಳು ಖಾಲಿ ಬಿಡಿ. ಏರ್ ಟ್ಯೂಬಿನ ತುದಿಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಬಾಟಲಿಯ ಕುತ್ತಿಗೆಯವರೆಗೆ ಇಳಿಸಿ. ತುದಿಗೆ ಏರ್ ಸ್ಟೋನ್ ಹಾಕಬೇಡಿ, ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ಮೊಟ್ಟೆಯನ್ನು ಬಾಟಲಿಯ ಗೋಡೆಗೆ ಅಂಟಿಸುತ್ತವೆ. ಅನ್ನದ ನೀರು ಕುದಿಯುವ ಹಾಗೆ ದೊಡ್ಡ ಗುಳ್ಳೆ ತಳದಿಂದ ಏಳಬೇಕು. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಇಲ್ಲವಾದರೆ ಕರೆಂಟ್ ಹೋದಾಗ ಉಪ್ಪುನೀರು ಟ್ಯೂಬಿನಲ್ಲಿ ಹಿಂದೆ ಹರಿದು ಪಂಪಿಗೆ ನುಗ್ಗುತ್ತದೆ. ಉಪ್ಪುನೀರಿನ ಕೈಯಲ್ಲಿ ಪ್ಲಗ್ಗು ಮುಟ್ಟಬೇಡಿ, ಮಕ್ಕಳಿಗೂ ಹೇಳಿ.

ಈಗ ಕಾಲು ಚಮಚ ಮೊಟ್ಟೆ ಹಾಕಿ. ಲ್ಯಾಂಪ್ ಹಚ್ಚಿ ಹತ್ತಿರದಲ್ಲಿಡಿ. ಮೊದಲ ಒಂದೆರಡು ಗಂಟೆ ಬೆಳಕು ಬಿದ್ದರೆ ಒಳಗಿನ ಜೀವಕ್ಕೆ ಎಚ್ಚರವಾಗುತ್ತದೆ. 26ರಿಂದ 28 ಡಿಗ್ರಿ ಉಷ್ಣತೆಯಲ್ಲಿ ಸುಮಾರು 24 ಗಂಟೆಗೆ ಮರಿ ಹೊರಬರುತ್ತದೆ. ಚಳಿ ಊರಿನವರು ಇದಕ್ಕೆ ಹೀಟರ್ ಇಡಬೇಕು, ನಮಗೆ ಆ ರಗಳೆ ಇಲ್ಲ. ಮಗ್ರಿಬ್ ನಮಾಝ್ ಮುಗಿಸಿ ಹಾಕಿದರೆ ಮರುದಿನ ಮಗ್ರಿಬ್ ಹೊತ್ತಿಗೆ ಊಟ ತಯಾರು. ಆಟಿಯ ಮಳೆಯಲ್ಲಿ ತಂಪಾದರೆ ಇನ್ನೂ ಆರೇಳು ಗಂಟೆ ಹೆಚ್ಚು ಹಿಡಿದೀತು. ಬೇಸಗೆಯಲ್ಲಿ ಬಿಸಿಲು ಬೀಳುವ ಕಿಟಕಿಯಲ್ಲೋ ತಗಡಿನ ಮಾಡಿನ ಕೆಳಗೋ ಇಡಬೇಡಿ. ನೀರು 33 ಡಿಗ್ರಿ ದಾಟಿದರೆ ಬೆಳವಣಿಗೆ ನಿಂತುಹೋಗುತ್ತದೆ.

ಸಿಪ್ಪೆ ಬೇರೆ, ಮರಿ ಬೇರೆ

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ ಹಂತ ಇದು. ಬಾಟಲಿಯಲ್ಲಿ ಈಗ ಮೂರು ವಸ್ತು ಇದೆ. ಖಾಲಿ ಸಿಪ್ಪೆ, ಒಡೆಯದ ಮೊಟ್ಟೆ, ಜೀವಂತ ಮರಿ. ಮೂರನ್ನೂ ಒಟ್ಟಿಗೆ ಸುರಿದರೆ ಮೀನುಮರಿಗಳು ಸಿಪ್ಪೆಯನ್ನೂ ನುಂಗುತ್ತವೆ. ಅದು ಜೀರ್ಣವಾಗುವುದಿಲ್ಲ. ಕರುಳಿನಲ್ಲಿ ಕಟ್ಟಿಕೊಂಡು ಮರಿ ಸಾಯಬಹುದು.

ಅದೃಷ್ಟಕ್ಕೆ ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಪಂಪ್ ಬಂದ್ ಮಾಡಿ ಹತ್ತು ನಿಮಿಷ ಬಿಡಿ. ಸಿಪ್ಪೆ ಮೇಲೆ ತೇಲುತ್ತದೆ. ಒಡೆಯದ ಮೊಟ್ಟೆ ಮುಚ್ಚಳದ ಹತ್ತಿರ ತಳಕ್ಕೆ ಕೂರುತ್ತದೆ. ಮರಿಗಳಿಗೆ ಬೆಳಕೆಂದರೆ ಆಸೆ. ಬಾಟಲಿಯ ಮೇಲ್ಭಾಗಕ್ಕೆ ಬಟ್ಟೆ ಸುತ್ತಿ, ಕೆಳಗೆ ಗಾಜಿನ ಜಾಡಿಯ ಹೊರಗಿನಿಂದ ಮೊಬೈಲಿನ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದ ಮೋಡದ ಹಾಗೆ ಅಲ್ಲಿ ಬಂದು ಸೇರುತ್ತವೆ. ಮಕ್ಕಳನ್ನು ಕರೆದು ತೋರಿಸಬೇಕಾದ ನೋಟ.

ಒಂದು ತುಂಡು ಏರ್ ಟ್ಯೂಬನ್ನು ಆ ಮೋಡದೊಳಗೆ ಇಳಿಸಿ ಕೆಳಗಿನ ಲೋಟಕ್ಕೆ ನೀರು ಹರಿಸಿ. ಟ್ಯೂಬನ್ನು ಬಾಯಲ್ಲಿ ಎಳೆಯುವ ಬದಲು ಮೊದಲೇ ನೀರು ತುಂಬಿಸಿ ಬೆರಳು ಮುಚ್ಚಿ ಇಳಿಸುವುದು ಒಳ್ಳೆಯದು. ಮೊದಲು ಬರುವ ನಾಲ್ಕು ಚಮಚದಷ್ಟು ನೀರಲ್ಲಿ ಒಡೆಯದ ಮೊಟ್ಟೆ ಇರುತ್ತದೆ, ಅದನ್ನು ಚೆಲ್ಲಿ. ಮೇಲಿನ ಸಿಪ್ಪೆ ಇಳಿಯುವ ಮೊದಲೇ ನಿಲ್ಲಿಸಿ. ಕರ್ಚೀಫಿನಲ್ಲಿ ಸೋಸಿ, ಸಿಹಿನೀರಿನಲ್ಲಿ ಒಮ್ಮೆ ತೊಳೆಯಿರಿ. ಉಪ್ಪು ಹೋಗಲಿ ಅಂತ ಅಷ್ಟೇ. ಗಾಳಿ ನಿಂತ ಮೇಲೆ ಹದಿನೈದು ನಿಮಿಷಕ್ಕಿಂತ ಹೆಚ್ಚು ತಡ ಮಾಡಬೇಡಿ, ಒಂದೇ ಕಡೆ ಮುತ್ತಿದ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಉಳಿದ ಉಪ್ಪುನೀರನ್ನು ಹೂವಿನ ಗಿಡದ ಬುಡಕ್ಕೆ ಚೆಲ್ಲಬೇಡಿ.

ಯಾವಾಗ, ಎಷ್ಟು?

ಹೊರಬಂದ ಆರ್ಟೀಮಿಯ ಮರಿಗೆ ಮೊದಲ ಕೆಲವು ಗಂಟೆ ಬಾಯಿಯೇ ತೆರೆದಿರುವುದಿಲ್ಲ. ಹೊಟ್ಟೆಯಲ್ಲಿರುವ ಭಂಡಾರವನ್ನೇ ಕರಗಿಸಿಕೊಂಡು ಬದುಕುತ್ತದೆ. ಮೀನುಮರಿಗೆ ಬೇಕಾದ ಕೊಬ್ಬು, ಪ್ರೋಟೀನ್ ಇರುವುದು ಆ ಭಂಡಾರದಲ್ಲಿ. ಹೊತ್ತು ಕಳೆದಂತೆ ಅದು ಖಾಲಿಯಾಗುತ್ತದೆ. ಹಾಗಾಗಿ ಮರಿಯಾದ ಕೂಡಲೇ ತಿನ್ನಿಸಿದರೆ ಲಾಭ. ಉಳಿದದ್ದನ್ನು ಸ್ವಲ್ಪ ಉಪ್ಪುನೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಚಳಿಗೆ ಅವುಗಳ ಓಡಾಟ ನಿಧಾನವಾಗಿ ಒಂದು ದಿನ ಸತ್ವ ಉಳಿಯುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿಡಿ. ಇಲ್ಲವಾದರೆ ಮನೆಗೆ ಬಂದ ನೆಂಟರು ಜ್ಯೂಸ್ ಅಂದುಕೊಂಡಾರು!

ಗಪ್ಪಿ, ಮೋಲಿ, ಪ್ಲಾಟಿ ಮರಿಗಳು ಹುಟ್ಟಿದ ದಿನವೇ ಇದನ್ನು ತಿನ್ನುತ್ತವೆ. ಏಂಜಲ್ ಮೀನಿನ ಮರಿಗಳು ಎಲೆ ಬಿಟ್ಟು ಈಜಲು ಶುರು ಮಾಡಿದ ಕೂಡಲೇ ಕೊಡಬಹುದು. ಫೈಟರ್ ಮರಿಗಳೂ ಗೂಡು ಬಿಟ್ಟು ಅಡ್ಡಡ್ಡ ಈಜತೊಡಗಿದ ಮೇಲೆ ತಿನ್ನುತ್ತವೆ. ತೀರಾ ಚಿಕ್ಕವು ಇದ್ದರೆ ಮೊದಲ ಕೆಲವು ದಿನ ಹಸಿರು ಪಾಚಿ ನೀರಿನ ಸೂಕ್ಷ್ಮ ಜೀವಿಗಳೇ ಆಧಾರ. ಗೌರಾಮಿ ಮರಿಗಂತೂ ಮೊದಲ ವಾರ ಆರ್ಟೀಮಿಯ ದೊಡ್ಡ ತುತ್ತಾಗುತ್ತದೆ.

ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಹತ್ತು ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕೊಡಿ. ಸುಬಹಿ ಆದ ಮೇಲೆ ಒಮ್ಮೆ, ಅಸರ್ ಹೊತ್ತಿಗೆ ಒಮ್ಮೆ, ಮಗ್ರಿಬ್ ಆದ ಮೇಲೆ ಒಮ್ಮೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ತಿಂದಿದೆಯಾ ಎಂದು ತಿಳಿಯಲು ಭೂತಗನ್ನಡಿ ಬೇಡ. ಹೊಟ್ಟೆ ಉಬ್ಬಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ತಿನ್ನದೆ ಉಳಿದ ಆರ್ಟೀಮಿಯ ಸಿಹಿನೀರಿನಲ್ಲಿ ಕೆಲವು ಗಂಟೆ ಬದುಕಿ ಆಮೇಲೆ ಸಾಯುತ್ತದೆ, ನೀರು ಕೆಡುತ್ತದೆ. ಆದ್ದರಿಂದ ಮರಿಗಳ ತೊಟ್ಟಿಯ ತಳವನ್ನು ದಿನಾ ಟ್ಯೂಬಿನಲ್ಲಿ ಎಳೆದು ಸ್ವಚ್ಛ ಮಾಡಿ ಹತ್ತರಲ್ಲೊಂದು ಪಾಲು ನೀರು ಬದಲಿಸಿ.

ಮರಿ ಆಗದಿದ್ದರೆ?

ಮೊದಲು ಮೊಟ್ಟೆಯನ್ನು ಸಂಶಯಿಸಿ. ನಮ್ಮ ಮಳೆಗಾಲದ ಗಾಳಿಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಈ ಮೊಟ್ಟೆ ಎಷ್ಟರದು? ಡಬ್ಬ ತಂದ ದಿನವೇ ಹತ್ತು ದಿನಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ಹಾಕಿ, ಉಳಿದದ್ದನ್ನು ಗಾಳಿಯಾಡದಂತೆ ಎರಡು ಪದರ ಮುಚ್ಚಿ ಫ್ರಿಜ್ಜಿನಲ್ಲಿಡಿ. ಹೊರತೆಗೆದಾಗ ತಣ್ಣಗಿರುವಾಗಲೇ ಮುಚ್ಚಳ ತೆರೆಯಬಾರದು, ಒಳಗೆ ನೀರು ಬೆವರುತ್ತದೆ. ಒದ್ದೆ ಚಮಚವೂ ಬೇಡ. ಮೊಟ್ಟೆ ಸರಿ ಇದ್ದೂ ಮರಿಯಾಗದಿದ್ದರೆ ಉಪ್ಪು, ಸೋಡಾ, ಗಾಳಿ, ಬೆಳಕು ಈ ಅನುಕ್ರಮದಲ್ಲಿ ಒಂದೊಂದೇ ಬದಲಿಸಿ ನೋಡಿ. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ತಪ್ಪು ಎಲ್ಲಿತ್ತು ಎಂದು ಗೊತ್ತಾಗುವುದಿಲ್ಲ.

ಜೂನ್‌ನಿಂದ ಕರೆಂಟ್ ನಂಬುವ ಹಾಗಿಲ್ಲ. ಆಗ ಪಂಪಿಲ್ಲದೆಯೂ ಮಾಡುವ ದಾರಿ ಉಂಟು. ಅಗಲವಾದ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಮಾತ್ರ ಉಪ್ಪುನೀರು ಹಾಕಿ ಮೇಲೆ ಒಂದು ಚಿಟಿಕೆ ಮೊಟ್ಟೆ ಉದುರಿಸಿ. ನೀರು ತೆಳುವಾಗಿರುವುದರಿಂದ ಗಾಳಿ ತಾನಾಗಿ ಬೆರೆಯುತ್ತದೆ. ಮರಿಯಾದ ಮೇಲೆ ತಟ್ಟೆಯ ಒಂದು ಬದಿಗೆ ಬೆಳಕು ಹಿಡಿದು, ಅಲ್ಲಿ ಸೇರಿದವನ್ನು ಔಷಧದ ಡ್ರಾಪರಿನಲ್ಲಿ ಎಳೆದುಕೊಳ್ಳಿ. ಸಿಗುವುದು ಕಡಿಮೆ, ಆದರೆ ಹತ್ತಿಪ್ಪತ್ತು ಮರಿಗಳಿಗೆ ಸಾಕು.

ಮಾಡಬಾರದ ಎರಡು ಕೆಲಸ

ಕೆಲವರು ಮರಿಗಳಿಗೆ ಜೀವಂತ ಆಹಾರ ಬೇಕೆಂದು ಹಿತ್ತಲಲ್ಲಿ ಬಕೆಟ್ ನೀರು ಇಟ್ಟು ಸೊಳ್ಳೆ ಹುಳು ಬೆಳೆಸುತ್ತಾರೆ. ಮಲೇರಿಯಾ, ಡೆಂಗಿ ಎರಡರ ಕಷ್ಟವನ್ನೂ ಕಂಡ ಊರು ನಮ್ಮದು. ಸೊಳ್ಳೆ ಹುಳು ತಿನ್ನಲಿ ಎಂದೇ ಬಾವಿ, ಟ್ಯಾಂಕಿಗೆ ಗಪ್ಪಿ ಬಿಡುವ ಊರಿನಲ್ಲಿ ಗಪ್ಪಿಗಾಗಿ ಸೊಳ್ಳೆ ಬೆಳೆಸುವುದು ಎಂಥ ಬುದ್ಧಿ ಮಾರಾಯ್ರೆ? ನಾಲ್ಕು ಹುಳು ತಪ್ಪಿಸಿಕೊಂಡರೆ ಪಕ್ಕದ ಮನೆಯ ಮಗುವಿಗೆ ಜ್ವರ. ಉಪ್ಪುನೀರಿನ ಬಾಟಲಿಯನ್ನು ದಿನಾ ಖಾಲಿ ಮಾಡುವುದರಿಂದ ಅದರಲ್ಲಿ ಸೊಳ್ಳೆಯ ಭಯ ಇಲ್ಲ.

ಎರಡನೆಯದು, ಸಿಪ್ಪೆ ಕರಗಿಸಲು ಬ್ಲೀಚ್ ಬಳಸುವ ಕ್ರಮ. ಹ್ಯಾಚರಿಗಳಲ್ಲಿ ತರಬೇತಿ ಇರುವವರು ಮಾಡುವ ಕೆಲಸ ಅದು. ಮಕ್ಕಳಿರುವ ಮನೆಯಲ್ಲಿ ಬೇಡ. ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಬೆರೆತರಂತೂ ವಿಷಗಾಳಿ ಏಳುತ್ತದೆ. ಟಾರ್ಚ್ ಮತ್ತು ಹತ್ತು ನಿಮಿಷದ ತಾಳ್ಮೆಯಲ್ಲಿ ಆಗುವ ಕೆಲಸಕ್ಕೆ ಅಷ್ಟು ಅಪಾಯ ಯಾಕೆ?

ನಾಲ್ಕು ಕಾಸು ಆಗುತ್ತದಾ?

ಆಗುತ್ತದೆ, ಆದರೆ ಲೆಕ್ಕ ನೋಡಿ ಇಳಿಯಬೇಕು. ಮಾಮೂಲಿ ಗಪ್ಪಿಗೆ ಬೆಲೆ ಇಲ್ಲ. ಬಣ್ಣದ ಬಾಲದ ಒಳ್ಳೆಯ ತಳಿಯ ಗಪ್ಪಿ, ಫೈಟರ್, ಏಂಜಲ್ ಮರಿಗಳನ್ನು ಅಂಗಡಿಯವರು ಕೊಳ್ಳುತ್ತಾರೆ. ಒಂದು ತಾಯಿ ಮೀನಿನಿಂದ ಐದು ಮರಿ ಉಳಿಯುವುದಕ್ಕೂ ಇಪ್ಪತ್ತೈದು ಉಳಿಯುವುದಕ್ಕೂ ಇರುವ ಅಂತರವೇ ಲಾಭ. ಆ ಅಂತರವನ್ನು ತುಂಬುವುದು ಮೊದಲ ಎರಡು ವಾರದ ಆಹಾರ. ಗಂಡ ಗಲ್ಫ್‌ನಲ್ಲಿದ್ದು, ಮನೆ ಬಿಟ್ಟು ದುಡಿಯಲು ಆಗದ ಹೆಣ್ಣುಮಕ್ಕಳಿಗೆ ಹಿತ್ತಲಿನ ನಾಲ್ಕು ತೊಟ್ಟಿಯಲ್ಲಿ ಇದು ಸಾಧ್ಯ. ಮೊದಲು ಅಂಗಡಿಯವರ ಹತ್ತಿರ ಯಾವ ಮೀನನ್ನು, ಯಾವ ಗಾತ್ರದಲ್ಲಿ, ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಕೇಳಿಕೊಂಡು ಆಮೇಲೆ ತೊಟ್ಟಿ ತನ್ನಿ.

ಕೇಂದ್ರ ಸರಕಾರ 2020ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೂ ಸಹಾಯಧನ ಇಟ್ಟಿದ್ದರು. ಮಹಿಳೆಯರಿಗೆ ಘಟಕ ವೆಚ್ಚದ ಶೇ. 60, ಸಾಮಾನ್ಯ ವರ್ಗದವರಿಗೆ ಶೇ. 40. ಈಗ ಅರ್ಜಿಗೆ ಅವಕಾಶ ಇದೆಯಾ ಎಂದು ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ. ತಾಂತ್ರಿಕ ಸಂಶಯಗಳಿಗೆ ಮಂಗಳೂರಿನ ಎಕ್ಕೂರಿನಲ್ಲಿ 1969ರಿಂದ ಇರುವ ಮೀನುಗಾರಿಕಾ ಕಾಲೇಜು ಇದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು ನಮ್ಮ ಊರಿನಲ್ಲೇ ಇರುವಾಗ ಹೋಗಿ ಕೇಳಲು ಸಂಕೋಚ ಬೇಡ.

ಗಾಜಿನೊಳಗಿನ ಅಮಾನತ್

"ಮೀನು ಸಾಕಬಹುದಾ?" ಎಂದು ಕೇಳುವವರಿದ್ದಾರೆ. ಅನಸ್ ಬಿನ್ ಮಾಲಿಕ್ (ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿ ಸಾಕಿದ್ದ. ಅದು ಸತ್ತು ಮಗು ಬೇಸರದಲ್ಲಿದ್ದಾಗ ಪ್ರವಾದಿ (ಸ) ಆ ಹಕ್ಕಿಯ ವಿಷಯ ಎತ್ತಿ ಮಗುವನ್ನು ಮಾತಾಡಿಸಿದ ಹದೀಸ್ ಪ್ರಸಿದ್ಧ. ಆ ಒಂದೇ ಹದೀಸಿನಿಂದ ಸುಮಾರು ಅರುವತ್ತು ಪಾಠ ಹೆಕ್ಕಿ ಬರೆದವರು ಶಾಫಿಈ ಮದ್‌ಹಬಿನ ವಿದ್ವಾಂಸ ಇಬ್ನುಲ್ ಖಾಸ್ಸ್. ಹಿಂಸೆಯಾಗದಂತೆ, ಹೊಟ್ಟೆಗೆ ಸರಿಯಾಗಿ ಕೊಟ್ಟು ಸಾಕುವುದಾದರೆ ಸಾಕಬಹುದು ಎಂಬುದಕ್ಕೆ ಉಲಮಾಗಳು ಈ ಹದೀಸನ್ನು ಆಧಾರವಾಗಿ ತೋರಿಸುತ್ತಾರೆ. ಬೆಕ್ಕನ್ನು ಕಟ್ಟಿಹಾಕಿ ಅನ್ನ ಕೊಡದೆ ಕೊಂದ ಹೆಂಗಸಿನ ಹದೀಸೂ ನಮಗೆ ಗೊತ್ತೇ ಇದೆ. ಅವಳ ತಪ್ಪು ಬೆಕ್ಕನ್ನು ಹಿಡಿದದ್ದು ಮಾತ್ರ ಅಲ್ಲ. ಅನ್ನವನ್ನೂ ಕೊಡಲಿಲ್ಲ, ತಾನಾಗಿ ಹುಡುಕಿ ತಿನ್ನಲೂ ಬಿಡಲಿಲ್ಲ. ಗಾಜಿನ ತೊಟ್ಟಿಯ ಮೀನಿನ ಸ್ಥಿತಿಯೂ ಅದೇ. ಹಸಿವಾದರೆ ಬೇರೆಲ್ಲಿಗೂ ಹೋಗಲಾರದು.

ಫೈಟರ್ ಅಂತ ಹೆಸರಿದೆ ಎಂದು ಎರಡು ಗಂಡುಗಳನ್ನು ಒಂದೇ ಬಾಟಲಿಗೆ ಹಾಕಿ ಮಜಾ ನೋಡುವ ಹುಡುಗರಿಗೂ ಹೇಳಬೇಕು. ಪ್ರಾಣಿಗಳನ್ನು ಕಾದಾಡಿಸುವುದನ್ನು ತಡೆದ ಹದೀಸ್ ಇದೆ. ಆರ್ಟೀಮಿಯಕ್ಕೂ ಜೀವ ಇದೆ. ಮೀನಿಗೆ ಅದು ಆಹಾರ, ಸರಿ. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಮರಿ ಮಾಡಿ ಚರಂಡಿಗೆ ಚೆಲ್ಲುವುದು ಇಸ್ರಾಫ್ ಅಲ್ಲದೆ ಇನ್ನೇನು? ಮಸ್‌ಅಲದ ಸಂಶಯ ಇದ್ದವರು ತಮ್ಮ ಮೊಹಲ್ಲಾದ ಉಸ್ತಾದರಲ್ಲಿ ಕೇಳಿಕೊಳ್ಳಲಿ.

ಈ ಕೆಲಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಬೇಕು. ಮದುವೆಗೆ, ಉಮ್ರಾಕ್ಕೆ ಮನೆ ಬಿಟ್ಟು ಹೋಗುವಾಗ ತಿನ್ನಿಸುವವರು ಯಾರು ಎಂದು ಮೊದಲೇ ನಿಶ್ಚಯ ಮಾಡಬೇಕು. ರಮಝಾನಿನಲ್ಲಿ ಸಹರಿಗೆ, ಇಫ್ತಾರಿಗೆ ನಾವು ಎದ್ದು ಓಡಾಡುವ ಹೊತ್ತಿನಲ್ಲಿ ಮರಿಗಳಿಗೂ ಒಂದು ತುತ್ತು ಎಂದು ಮಕ್ಕಳಿಗೆ ವಹಿಸಿಕೊಡಬಹುದು. ಅಷ್ಟು ಸಮಯ ಇಲ್ಲದವರು ಗಂಡು ಹೆಣ್ಣು ಮೀನನ್ನು ಬೇರೆ ಬೇರೆ ತೊಟ್ಟಿಯಲ್ಲಿಡಿ. ಒಮ್ಮೆ ಕೂಡಿದ ಹೆಣ್ಣು ಗಪ್ಪಿ ಆಮೇಲೂ ಕೆಲವು ತಿಂಗಳು ಮರಿ ಹಾಕುತ್ತದೆ, ಅದನ್ನೂ ಲೆಕ್ಕದ ಒಳಗೆ ಇಟ್ಟುಕೊಳ್ಳಿ. ಹೆಚ್ಚಾದ ಮರಿಗಳನ್ನು ತೋಡಿಗೋ ಹೊಳೆಗೋ ಬಿಡಬೇಡಿ, ಅಲ್ಲಿನ ಮೀನುಗಳಿಗೆ ತೊಂದರೆ. ಗೆಳೆಯರಿಗೆ ಕೊಡಿ, ಅಂಗಡಿಗೆ ಕೊಡಿ. ಕೊಡುವಾಗ ಈ ಬಾಟಲಿಯ ಕೆಲಸವನ್ನೂ ಕಲಿಸಿಕೊಡಿ.